ಟ್ರ್ಯಾಕ್ಟರಿಗೂ ಲಾರಿಗೂ ಒಂದೇ ಟ್ರಾಲಿ: ಹಿಂದಿನ ಲೈಟಿಗೆ ಯಾವ ದಾರಿ ಸರಿ?

ನಮ್ಮ ಜನರೇಟರ್ ಟ್ರಾಲಿ ಮದುವೆ, ಜಾತ್ರೆ ಅಂತ ಕೋಲಾರದ ಸುತ್ತ ಓಡಾಡುತ್ತಲೇ ಇರುತ್ತದೆ. ಹತ್ತಿರದ ಊರಾದರೆ ಟ್ರ್ಯಾಕ್ಟರ್ ಎಳೆಯುತ್ತದೆ, ದೂರ ಆದರೆ ಲಾರಿ. ಟ್ರ್ಯಾಕ್ಟರಿನದು 12 ವೋಲ್ಟ್, ಲಾರಿಯದು 24. ಆವಣಿ ಜಾತ್ರೆಗೆ ಹೊರಟ ರಾತ್ರಿ ಲಾರಿಗೆ ಸಿಕ್ಕಿಸಿ ಬ್ರೇಕ್ ಒತ್ತಿದ್ದೇ ತಡ, ಹಿಂದಿನ ಎರಡೂ ಬಲ್ಬ್ ಬೆಳ್ಳಗೆ ಹೊಳೆದು ಸುಟ್ಟುಹೋದವು. ಮುಳಬಾಗಿಲು ರಸ್ತೆಯ ಉದ್ದಕ್ಕೂ ನಮ್ಮ ಹುಡುಗ ಹಿಂದೆ ಬೈಕಿನಲ್ಲಿ ಇಂಡಿಕೇಟರ್ ಹಾಕಿಕೊಂಡು ಕಾವಲು ಬಂದ. ಆ ಭಯ ಇನ್ನೂ ಹೋಗಿಲ್ಲ. ಆಮೇಲೆ ಮೂರು ದಾರಿ ಮಾಡಿ ನೋಡಿದೆ.

ಮೊದಲು ಎರಡು ಜೊತೆ ಬಲ್ಬ್ ಇಟ್ಟುಕೊಂಡೆ. ಖರ್ಚೇನೋ ಕಡಿಮೆ. ಆದರೆ 12ರದೂ 24ರದೂ ನೋಡೋಕೆ ಒಂದೇ ಥರ, ಹೋಲ್ಡರಿಗೂ ಒಂದೇ ಥರ ಕೂರುತ್ತವೆ. 24ರ ಬಲ್ಬ್ ಟ್ರ್ಯಾಕ್ಟರಿಗೆ ಹಾಗೇ ಉಳಿದರೆ ಸುಡುವುದಿಲ್ಲ, ಕೆಂಡದ ಹಾಗೆ ಮಿಣುಕುತ್ತದೆ, ಹಗಲಲ್ಲಿ ಬ್ರೇಕ್ ಒತ್ತಿದ್ದೇ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಬಿಟ್ಟೆ.

ಎರಡನೆಯದು 24ನ್ನು 12ಕ್ಕೆ ಇಳಿಸುವ ಕನ್ವರ್ಟರ್. ಟ್ರಾಲಿಗೆ ಬರುವುದು ಒಂದೇ ವೈರ್ ಅಲ್ವಲ್ಲ, ಪಾರ್ಕಿಂಗ್, ಬ್ರೇಕ್, ಎಡ, ಬಲ ಎಲ್ಲ ಬೇರೆ ಬೇರೆ. ಒಂದೊಂದಕ್ಕೂ ಒಂದು ಕನ್ವರ್ಟರ್ ಹಾಕಬೇಕು, ಇಲ್ಲ ಒಂದೇ ಕನ್ವರ್ಟರ್ ಇಟ್ಟು ನಾಲ್ಕು 24 ವೋಲ್ಟ್ ರಿಲೇ (ಲಾರಿಯ ಲೈಟಿನ ವೈರಿಗೆ ಕರೆಂಟ್ ಬಂದಾಗ ತಾನೇ ಆನ್ ಆಗುವ ಸ್ವಿಚ್) ಹಾಕಬೇಕು. ನಾನು ರಿಲೇ ಹಾಕಿಸಿ ಡಬ್ಬಿಯನ್ನು ಲಾರಿಯಲ್ಲೇ ಕೂರಿಸಿದೆ. 21 ವ್ಯಾಟಿನ ಎರಡು ಬ್ರೇಕ್ ಬಲ್ಬಿಗೇ ಮೂರೂವರೆ ಆಂಪ್ ಬೇಕು, ಉಳಿದದ್ದು ಸೇರಿದರೆ ಎಂಟರ ಹತ್ತಿರ, ಅದಕ್ಕೆ 10 ಆಂಪಿನದೇ ತಂದೆ. ತುಂಬ ಚೆನ್ನಾಗಿ ನಡೆಯಿತು. ಆದರೆ ನಮ್ಮ ಲಾರಿ ಕೆಟ್ಟು ಬೇರೆಯವರ ಲಾರಿ ಬಂದ ದಿನ ಡಬ್ಬಿ ಎಲ್ಲಿಂದ ತರೋದು?

ಈಗ ಇರುವುದು 10ರಿಂದ 30 ವೋಲ್ಟ್‌ವರೆಗೆ ನಡೆಯುವ ಎಲ್‌ಇಡಿ ಲೈಟ್. ಕರೆಂಟ್ ಹತೋಟಿಯಲ್ಲಿಡುವ ಸರ್ಕ್ಯೂಟ್ ಒಳಗೇ ಇರುತ್ತದೆ, ಯಾವ ಗಾಡಿಗೆ ಕಟ್ಟಿದರೂ ಬೆಳಕು ಅಷ್ಟೇ. ಕೊಳ್ಳುವಾಗ 30 ಅನ್ನುವ ಆ ಗರಿಷ್ಠ ಅಂಕಿಯನ್ನು ನೋಡಲೇಬೇಕು, ಯಾಕೆಂದರೆ ಎಂಜಿನ್ ಓಡುವಾಗ ಲಾರಿಯಿಂದ ಬರುವುದು 24 ಅಲ್ಲ, 28ರ ಹತ್ತಿರ.

ಹಾಕಿದ ದಿನವೇ ಟ್ರ್ಯಾಕ್ಟರಿನ ಇಂಡಿಕೇಟರ್ ಟಕಟಕ ಅಂತ ಜೋರಾಗಿ ಹೊಡೆದುಕೊಳ್ಳತೊಡಗಿತು. ಟ್ರ್ಯಾಕ್ಟರಿನ ಸ್ವಂತ ಹಿಂದಿನ ಬಲ್ಬ್ ಯಾವತ್ತೋ ಹೋಗಿತ್ತು, ಇಷ್ಟು ದಿನ ಟ್ರಾಲಿ ಬಲ್ಬಿನ ಲೋಡಿನಿಂದ ಫ್ಲ್ಯಾಶರ್ (ಇಂಡಿಕೇಟರನ್ನು ಮಿನುಗಿಸುವ ಭಾಗ) ಸರಿಯಾಗಿ ನಡೆಯುತ್ತಿತ್ತು, ಎಲ್‌ಇಡಿ ಎಳೆಯುವ ಕರೆಂಟ್ ಅದಕ್ಕೆ ಸಾಲದು ಅಂತ ಆಗ ತಿಳಿಯಿತು. ಬಲ್ಬಿನಷ್ಟೇ ಕರೆಂಟ್ ಎಳೆಯಲಿ ಅಂತ ಟ್ರಾಲಿಯಲ್ಲಿ 6 ಓಮಿನ ಲೋಡ್ ರೆಸಿಸ್ಟರ್ ಹಾಕಿಸಿ ಅಂತ ಒಬ್ಬರು ಹೇಳಿದರು. ದಯವಿಟ್ಟು ಹಾಕಿಸಬೇಡಿ. 14 ವೋಲ್ಟಿಗೆ ಅದು 33 ವ್ಯಾಟ್ ಬಿಸಿಯಾದರೆ, ಲಾರಿಯ 28ಕ್ಕೆ ಅದರ ನಾಲ್ಕರಷ್ಟು, 130 ವ್ಯಾಟ್! ಪಕ್ಕದ ವೈರ್ ಕರಗಿ ಹೋಗುತ್ತದೆ. ಟ್ರ್ಯಾಕ್ಟರಿನ ಬಲ್ಬ್ ಬದಲಾಯಿಸಿದೆ, ಸರಿಹೋಯಿತು.

ಅರ್ಥಿಂಗಿಗೆ (ಕರೆಂಟ್ ವಾಪಸ್ ಹೋಗುವ ದಾರಿಗೆ) ಟ್ರಾಲಿ ಎಳೆಯುವ ಕೊಂಡಿಯ ಪಿನ್ನನ್ನು ನಂಬಬೇಡಿ, ತುಕ್ಕು ಗ್ರೀಸಿನ ನಡುವೆ ಅದು ಹಿಡಿದರೆ ಹಿಡಿಯಿತು. ಬೇರೆ ವೈರ್ ಎಳೆಯಿರಿ.

ಯಾವಾಗಲೂ ಅದೇ ಲಾರಿ, ಅದೇ ಟ್ರ್ಯಾಕ್ಟರ್ ಇರುವವರಿಗೆ, ಹಳೇ ಲೈಟ್ ಚೆನ್ನಾಗಿದ್ದರೆ, ಕನ್ವರ್ಟರ್ ಸಾಕು. ಗಾಡಿ ಬದಲಾಗುತ್ತಲೇ ಇದ್ದರೆ ಎಲ್‌ಇಡಿಯೇ ಹಾಕಿಸಿ. ಗಾಡಿಯ ಲೈಟ್ ವೈರುಗಳನ್ನು ಟ್ರಾಲಿಗೆ ಸೇರಿಸುವ ಸೆವೆನ್ ಪಿನ್ ಸಾಕೆಟ್ ಮಾತ್ರ ಮರೆಯಬೇಡಿ: ಅಂತರರಾಷ್ಟ್ರೀಯ ಮಾನಕದ ಪ್ರಕಾರ 12 ವೋಲ್ಟಿನದರಲ್ಲಿ ಅರ್ಥ್ 3ನೇ ಪಿನ್, 24ರದರಲ್ಲಿ 1ನೇದು. ಹೊಸ ಗಾಡಿ ಬಂದಾಗೆಲ್ಲ ನಾನು ಮಲ್ಟಿಮೀಟರ್ ಹಿಡಿದು ಒಂದೊಂದು ಪಿನ್ ನೋಡಿಯೇ ಸಿಕ್ಕಿಸುತ್ತೇನೆ.