ಹಳೇ ಸ್ಟ್ರಾಟ್, ಹೊಸ ಸ್ಟ್ರಾಟ್: ವ್ಯತ್ಯಾಸ ಇರುವುದು ಎಡಗೈಯಲ್ಲಿ

ನನ್ನ ಹತ್ತಿರ ಇರುವ ಎರಡೂ ಸ್ಟ್ರಾಟೋಕಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಅಚ್ಚಿನ ಎಲೆಕ್ಟ್ರಿಕ್ ಗಿಟಾರುಗಳೇ. ಒಂದು ಅರವತ್ತರ ದಶಕದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಇನ್ನೊಂದು ಈ ಕಾಲದ್ದು. ತಯಾರಕರ ಹೆಸರು ಹೇಳುವುದಿಲ್ಲ, ಇದು ಯಾವ ಕಂಪನಿಯ ಗುಣಗಾನವೂ ಅಲ್ಲ, ದೂರೂ ಅಲ್ಲ. ಎರಡಕ್ಕೂ ಒಂದೇ ದಪ್ಪದ ತಂತಿ ಹಾಕಿ, ಒಂದೇ ಆಂಪಿಗೆ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಜೋಡಿಸಿ ವರ್ಷಗಟ್ಟಲೆ ನುಡಿಸಿದ್ದೇನೆ. ಹಳೆಯ ಗಿಟಾರಿನ ನಾದದ ಬಗ್ಗೆ ಕೇಳಿಬರುವ ಮಾತಿನಲ್ಲಿ ಅರ್ಧಕ್ಕರ್ಧ ಉತ್ಪ್ರೇಕ್ಷೆ ಎನ್ನುವುದು ನನ್ನ ತೀರ್ಪು. ಕೈಗೆ ಸಿಗುವ ಅನುಭವದ ವ್ಯತ್ಯಾಸ ಮಾತ್ರ ನಿಜ, ಅದೂ ಸಣ್ಣದಲ್ಲ.

ಮೊದಲು ನೆಕ್, ಅಂದರೆ ಗಿಟಾರಿನ ಕತ್ತಿನ ವಿಚಾರ. ಅದರ ಮೇಲೆ ಬೆರಳೊತ್ತುವ ಫ್ರೆಟ್‌ಬೋರ್ಡಿನ ಮೇಲ್ಮೈ ಚಪ್ಪಟೆ ಇರುವುದಿಲ್ಲ, ಅಡ್ಡಕ್ಕೆ ಕಮಾನಿನಂತೆ ಬಾಗಿರುತ್ತದೆ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಾಗಿನಿಂದ ದಶಕಗಳ ಕಾಲ ಈ ಬಾಗಿನ ತ್ರಿಜ್ಯ 7.25 ಇಂಚು, ಅಂದರೆ ಸುಮಾರು 184 ಮಿ.ಮೀ. ಈಗಿನ ಬಹುಪಾಲು ಮಾದರಿಗಳಲ್ಲಿ ಅದು 9.5 ಇಂಚು. ಕೆಲವು ದುಬಾರಿ ಮಾದರಿಗಳಲ್ಲಿ ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಹೆಚ್ಚು ಬಾಗು, ಕೆಳಗೆ ಹೋದಂತೆ ಚಪ್ಪಟೆ. ಓದುವಾಗ ಇದೇನು ಮಹಾ ಅನ್ನಿಸುತ್ತದೆ. ಹಳೆಯದರ ಮೇಲೆ ಬಾರೆ ಕಾರ್ಡ್ (ಒಂದೇ ಬೆರಳನ್ನು ತಂತಿಗಳಿಗೆ ಅಡ್ಡ ಒತ್ತುವ ಹಿಡಿತ) ಹಿಡಿದರೆ ತೋರುಬೆರಳು ತಾನಾಗಿ ಕುಳಿತುಕೊಳ್ಳುತ್ತದೆ, ಬೆರಳಿನ ಸಹಜ ಬಾಗಿಗೂ ಮರದ ಬಾಗಿಗೂ ಅಷ್ಟು ಹೊಂದಾಣಿಕೆ. ರಿದಮ್ ನುಡಿಸುತ್ತಾ ಎಷ್ಟು ಹೊತ್ತು ಕೂತರೂ ಕೈ ಸೋಲುವುದಿಲ್ಲ.

ತೊಂದರೆ ಶುರುವಾಗುವುದು ಹನ್ನೆರಡನೇ ಫ್ರೆಟ್ (ನೆಕ್‌ಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿ) ದಾಟಿದ ಮೇಲೆ. ಮೊದಲ ತಂತಿಯನ್ನು ಪೂರ್ತಿ ಒಂದು ಸ್ವರದಷ್ಟು, ಅಂದರೆ ಶ್ರುತಿ ಎರಡು ಫ್ರೆಟ್‌ನಷ್ಟು ಏರುವ ಹಾಗೆ, ಬೆರಳಿನಿಂದ ಅಡ್ಡಕ್ಕೆ ಎಳೆದರೆ ಅದು ಅಂಚಿನಿಂದ ಕಮಾನಿನ ನೆತ್ತಿಯ ಕಡೆಗೆ ಸರಿಯುತ್ತದೆ. ಆಕ್ಷನ್ (ಫ್ರೆಟ್ಟಿನ ಮೇಲೆ ತಂತಿ ನಿಲ್ಲುವ ಎತ್ತರ) ತಗ್ಗಿದ್ದರೆ ಮುಂದಿನ ಫ್ರೆಟ್ಟುಗಳಿಗೆ ತಾಗಿ ಸ್ವರ ಅಲ್ಲೇ ಉಸಿರುಗಟ್ಟಿ ಸಾಯುತ್ತದೆ. ಇದು ಗಿಟಾರು ಕೆಟ್ಟಿರುವುದರ ಲಕ್ಷಣವಲ್ಲ, ಲೆಕ್ಕವೇ ಹಾಗಿದೆ. ಪರಿಹಾರ ಎಂದರೆ ತಂತಿಗಳನ್ನು ಎತ್ತರಿಸುವುದು. ನನ್ನ ಹಳೆಯದರ ಆಕ್ಷನ್ ಹನ್ನೆರಡನೇ ಫ್ರೆಟ್‌ನಲ್ಲಿ ಎರಡು ಮಿ.ಮೀ. ಆಸುಪಾಸು ಇಟ್ಟುಕೊಂಡಿದ್ದೇನೆ. ಹೊಸದು ಒಂದೂವರೆಗೆ ಇಳಿಸಿದರೂ ತಕರಾರಿಲ್ಲದೆ ನುಡಿಯುತ್ತದೆ.

ಈ ಅರ್ಧ ಮಿ.ಮೀ. ನನ್ನ ನುಡಿಸಾಟವನ್ನೇ ಬದಲಿಸುತ್ತದೆ. ಹಳೆಯದನ್ನು ಕೈಗೆತ್ತಿಕೊಂಡರೆ ನಿಧಾನವಾಗುತ್ತೇನೆ, ಕಡಿಮೆ ಸ್ವರ ಹಾಕುತ್ತೇನೆ, ಒಂದೊಂದನ್ನೂ ಸ್ವಲ್ಪ ಬಲವಾಗಿ ಮೀಟುತ್ತೇನೆ. ಹೊಸದರಲ್ಲಿ ಬೆರಳು ಓಡುತ್ತದೆ, ಕೆಲವೊಮ್ಮೆ ಬೇಕಿರುವುದಕ್ಕಿಂತ ಜಾಸ್ತಿಯೇ ಓಡುತ್ತದೆ. ‘ವಿಂಟೇಜ್ ಟೋನ್’ ಎಂದು ಜನ ಮೆಚ್ಚುವುದರಲ್ಲಿ ದೊಡ್ಡ ಪಾಲು ಈ ಬಲವಾದ ಮೀಟಿನದ್ದು ಎಂದೇ ನನ್ನ ನಂಬಿಕೆ. ಎತ್ತರದ ತಂತಿಗೆ ಅಲುಗಾಡಲು ಜಾಗ ಹೆಚ್ಚು, ಮೀಟಿದ ಕ್ಷಣದ ಏಟು ಸ್ಪಷ್ಟ. ಹೊಸದರ ತಂತಿಗಳನ್ನೂ ಅದೇ ಎತ್ತರಕ್ಕೆ ಏರಿಸಿದಾಗ ಎರಡರ ನಡುವಿನ ಅಂತರ ಗಮನಾರ್ಹವಾಗಿ ಕಿರಿದಾಯಿತು.

ಫ್ರೆಟ್ಟುಗಳೂ ಬೇರೆ. ಹಳೆಯ ಅಳತೆ ಸಣ್ಣದು: ಅಗಲ ಸುಮಾರು 2 ಮಿ.ಮೀ., ಎತ್ತರ ಒಂದು ಚಿಲ್ಲರೆ, ಅದೂ ಸವೆದು ಇನ್ನೂ ತಗ್ಗಿದೆ. ಬೆರಳ ತುದಿಗೆ ಮರ ತಾಗುತ್ತದೆ, ಹಾಗಾಗಿ ತಂತಿ ಎಳೆಯಲು ಹೆಚ್ಚು ಹಿಡಿತ ಬೇಕು. ಹೊಸದರ ಎತ್ತರದ ಫ್ರೆಟ್ಟಿನಲ್ಲಿ ಹಗುರವಾಗಿ ಒತ್ತಿದರೆ ಸಾಕು. ಆದರೆ ಬಿಗಿಮುಷ್ಟಿಯ ಅಭ್ಯಾಸ ಇರುವವರು ಎಚ್ಚರ, ಜೋರಾಗಿ ಒತ್ತಿದರೆ ಶ್ರುತಿ ಏರುತ್ತದೆ. ಹಳೆಯದನ್ನು ನುಡಿಸಿ ತಕ್ಷಣ ಹೊಸದಕ್ಕೆ ಬಂದಾಗ ನನ್ನ ಕಾರ್ಡುಗಳು ಈಗಲೂ ಸ್ವಲ್ಪ ಮೇಲೆಯೇ ನಿಲ್ಲುತ್ತವೆ.

ಹಳೆಯದರ ನೆಕ್‌ನ ಹಿಂಬದಿಗೆ ಬಳಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ಮೆರುಗೆಣ್ಣೆ) ಬಳಸಿದಂತೆ ಸವೆಯುತ್ತದೆ, ಅಂಚುಗಳು ದುಂಡಗಾಗುತ್ತವೆ. ಬೆವರಿದ ಕೈಯೂ ಜಾರಿಕೊಂಡು ಹೋಗುವ ಆ ನುಣುಪು ನನಗೆ ತುಂಬ ಇಷ್ಟ. ಇತ್ತೀಚಿನ, ಹೊಳಪು ಕಡಿಮೆಯ ಸ್ಯಾಟಿನ್ ಫಿನಿಶ್ ಅದಕ್ಕೆ ಬಹಳ ಹತ್ತಿರ ಬಂದಿದೆ. ದಪ್ಪ ಹೊಳಪಿನ ಪಾಲಿಯೆಸ್ಟರ್ ಬಳಿದ ನೆಕ್ ಮಾತ್ರ ನನಗೆ ಅಂಟಂಟು. ಲ್ಯಾಕರ್ ಇದ್ದರೆ ಮರ ‘ಉಸಿರಾಡುತ್ತದೆ’ ಎನ್ನುವ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು ನಾದ. ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಎತ್ತರ ಸರಿಹೊಂದಿಸಿ, ಒಂದೇ ಕೇಬಲ್ಲಿನಲ್ಲಿ ಎರಡನ್ನೂ ರೆಕಾರ್ಡ್ ಮಾಡಿ, ಯಾವುದು ಯಾವುದೆಂದು ಗೊತ್ತಾಗದಂತೆ ಕಲೆಸಿ ಕೇಳಿದ್ದೇನೆ. ಆಂಪಿನ ಗೇನ್ ಏರಿಸಿ ಸದ್ದು ಒಡೆಯುವಂತೆ ಮಾಡಿದ ಮೇಲೆ ಗುರುತಿಸುವುದು ಬರೀ ಊಹೆ. ಒಡೆಯದ ಕ್ಲೀನ್ ಸದ್ದಿನಲ್ಲಿ, ಅದೂ ನೆಕ್ ಪಕ್ಕದ ಪಿಕಪ್ಪಿನಲ್ಲಿ, ಹಳೆಯದು ತುಸು ಮೃದು, ಮೇಲಿನ ಅಂಚು ಸ್ವಲ್ಪ ಮೊಂಡು. ಅದಕ್ಕೆ ಅರವತ್ತು ವರ್ಷ ಒಣಗಿದ ಮರವನ್ನು ಹೊಗಳುವ ಮುಂಚೆ ವಾಲ್ಯೂಮ್ ಪಾಟನ್ನು (ನಾಬಿನ ಕೆಳಗಿನ ವಿದ್ಯುತ್ ನಿರೋಧಕ) ಅಳೆಯಬೇಕು. ಆ ಕಾಲದ 250 ಕಿಲೋಓಮ್ ಪಾಟುಗಳಲ್ಲಿ ಶೇಕಡ 20ರಷ್ಟು ಹೆಚ್ಚುಕಡಿಮೆ ಮಾಮೂಲಿ. 200ರ ಹತ್ತಿರ ಇರುವ ಪಾಟ್ ಮೇಲಿನ ಶ್ರುತಿಯ ಭಾಗವನ್ನು ತಾನೇ ಕುಗ್ಗಿಸುತ್ತದೆ. ಹೊಸದರ ಟೋನ್ ನಾಬನ್ನು ಒಂದಿಷ್ಟು ಇಳಿಸಿದರೆ ನನಗೆ ಬೇಕಾದ ಮೃದುತನ ಸಿಕ್ಕೇ ಸಿಗುತ್ತದೆ.

ಪಿಟೀಲಿನವರು ಈ ಜಗಳವನ್ನು ನಮಗಿಂತ ಶಿಸ್ತಾಗಿ ಆಡಿದ್ದಾರೆ. ಕ್ಲೌಡಿಯಾ ಫ್ರಿಟ್ಜ್, ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾದಕರು ವಾದ್ಯದ ಗುರುತು ಸಿಗದಂಥ ಕಪ್ಪು ಕನ್ನಡಕ ಹಾಕಿಕೊಂಡು ಹಳೆಯ ಕಾಲದ ಪ್ರಸಿದ್ಧ ಸ್ಟ್ರಾಡಿವರಿಯಂಥ ಪಿಟೀಲುಗಳನ್ನೂ ಹೊಸ ಪಿಟೀಲುಗಳನ್ನೂ ನುಡಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಆರಿಸಿಕೊಂಡದ್ದು ಹೊಸದನ್ನು. ಅದು ಮರದ ಮೈಯೇ ನಾದ ಹೊಮ್ಮಿಸುವ ಪೊಳ್ಳು ವಾದ್ಯ, ಅಲ್ಲೇ ಹೀಗೆ. ನಮ್ಮದರಲ್ಲಿ ಆಂಪಿಗೆ ಹೋಗುವುದು ಅಯಸ್ಕಾಂತದ ಮೇಲೆ ತಂತಿ ಅಲುಗಾಡಿ ಹುಟ್ಟಿಸಿದ ವಿದ್ಯುತ್ತು ಮಾತ್ರ.

ಪಿಕಪ್ಪಿನ ಒಂದು ವ್ಯತ್ಯಾಸ ಮಾತ್ರ ಯಾರ ಕಿವಿಗೂ ಬೀಳುತ್ತದೆ. ಐವತ್ತರ ದಶಕದಲ್ಲಿ ಮೂರನೇ ತಂತಿ ಸುತ್ತುತಂತಿಯಾಗಿರುತ್ತಿತ್ತು, ಅದರ ಮಂದ ಸದ್ದನ್ನು ಸರಿತೂಗಿಸಲು ಅದರ ಕೆಳಗಿನ ಅಯಸ್ಕಾಂತದ ಕಡ್ಡಿಯನ್ನು ಎತ್ತರಿಸಿದ್ದರು. ಈಗ ನಾವೆಲ್ಲ ಹಾಕುವುದು ಸಾದಾ ತಂತಿ. ಹಾಗಾಗಿ ಹಳೆಯ ಪಿಕಪ್ಪಿನಲ್ಲಿ ಮೂರನೇ ತಂತಿ ಮಿಕ್ಕವರ ಮಾತಿನ ಮಧ್ಯೆ ಬಾಯಿ ಹಾಕುತ್ತದೆ. ಕೆಲವರಿಗೆ ಅದೇ ಚೆಂದ. ನನಗೆ ಕಿರಿಕಿರಿ.

ಗುಂಯ್‌ಗುಟ್ಟುವಿಕೆ ಎರಡರಲ್ಲೂ ಇದೆ, ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಅಂದಮೇಲೆ ಅದು ತಪ್ಪಿದ್ದಲ್ಲ. ಹೊಸದರ ನಡುವಿನ ಪಿಕಪ್ಪಿನ ಸುತ್ತೂ ಧ್ರುವವೂ ತಿರುವುಮುರುವು, ಆದ್ದರಿಂದ ಅದು ಪಕ್ಕದ ಪಿಕಪ್ಪಿನ ಜೊತೆ ನುಡಿಯುವ, ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನಗಳಲ್ಲಿ ಗದ್ದಲ ಅಡಗುತ್ತದೆ. ಹಳೆಯದರಲ್ಲಿ ಆ ಸ್ಥಾನಗಳೇ ಇಲ್ಲ. ಐದು ಸ್ಥಾನದ ಸ್ವಿಚ್ ಸ್ಟ್ರಾಟಿಗೆ ಬಂದದ್ದು 1977ರಲ್ಲಿ, ಅದಕ್ಕೂ ಮುಂಚೆ ಮೂರು ಸ್ಥಾನದ ಸ್ವಿಚ್ಚನ್ನು ನಡುವೆ ಸಿಕ್ಕಿಸಿ ನಿಲ್ಲಿಸುವ ಸರ್ಕಸ್ಸು. ಬ್ರಿಡ್ಜ್ (ಮೈಮೇಲೆ ತಂತಿ ಕೂರುವ ಆಧಾರ) ಪಕ್ಕದ ಪಿಕಪ್ಪಿಗೆ ಟೋನ್ ನಾಬಿನ ಸಂಪರ್ಕವೂ ಇಲ್ಲ, ಕಿವಿ ಕೊರೆಯುವ ಸದ್ದನ್ನು ಆಂಪಿನಲ್ಲೇ ತಗ್ಗಿಸಬೇಕು.

ನಿರ್ವಹಣೆಯಲ್ಲಿ ಹೋಲಿಕೆಯೇ ಇಲ್ಲ. ಹೊಸದರ ಟ್ರಸ್ ರಾಡ್ (ನೆಕ್ ಬಾಗದಂತೆ ಒಳಗೆ ಇಟ್ಟ ಲೋಹದ ಸರಳು) ತಿರುಗಿಸಲು ನೆಕ್‌ನ ತಲೆಯಲ್ಲಿ ಕೀಲಿ ತೂರಿಸಿದರೆ ಮುಗಿಯಿತು. ಹಳೆಯದರಲ್ಲಿ ತಿರುಪು ಇರುವುದು ನೆಕ್‌ನ ಬುಡದಲ್ಲಿ. ತಂತಿ ಸಡಿಲಿಸಿ, ನೆಕ್ ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಜೋಡಿಸಿ ನೋಡಿ, ಸಾಲದಿದ್ದರೆ ಪುನಃ ಅದೇ ಕೆಲಸ. ಋತು ಬದಲಾದಾಗಲೆಲ್ಲ ಇದು ಬೇಕಾಗುತ್ತದೆ. ಟ್ರೆಮೊಲೊ (ಹಿಡಿ ಒತ್ತಿ ಶ್ರುತಿ ಬಾಗಿಸುವ ಬ್ರಿಡ್ಜ್) ಸರಿಯಾಗಿ ಕೂರಿಸಿದರೆ ಆರು ತಿರುಪಿನದೂ ಶ್ರುತಿ ಕಾಯುತ್ತದೆ. ಎರಡು ಆಧಾರದ ಮೇಲೆ ನಿಂತ ಹೊಸದು ಅಷ್ಟು ಸೇವೆ ಕೇಳುವುದಿಲ್ಲ, ತಂತಿಯನ್ನು ಕಚ್ಚಿ ಹಿಡಿಯುವ ಲಾಕಿಂಗ್ ಟ್ಯೂನರ್ ಬೇರೆ ಇದೆ. ಫ್ರೆಟ್ ಬದಲಾಯಿಸಿದರೆ ಸಂಗ್ರಾಹಕರ ಕಣ್ಣಿನಲ್ಲಿ ಹಳೆಯದರ ಬೆಲೆ ಇಳಿಯುತ್ತದೆ. ಹಾಗೆಂದು ಬದಲಾಯಿಸದಿದ್ದರೆ ನುಡಿಸಲಾಗದು. ಬ್ರೆಜಿಲ್ ರೋಸ್‌ವುಡ್ ಫ್ರೆಟ್‌ಬೋರ್ಡ್ ಇದ್ದರೆ ಗಡಿ ದಾಟಿಸುವಾಗ ಕಾಗದಪತ್ರದ ತಲೆನೋವು ಬೇರೆ, 1992ರಿಂದ ಆ ಮರ ಅಂತರರಾಷ್ಟ್ರೀಯ ವ್ಯಾಪಾರದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ.

‘ಆಗಿನ ಗಿಟಾರುಗಳೆಲ್ಲ ಚೆನ್ನಾಗಿದ್ದವು’ ಎನ್ನುವವರಿಗೆ ನನ್ನ ಉತ್ತರ: ಚೆನ್ನಾಗಿಲ್ಲದವು ಮೂಲೆ ಸೇರಿದವು, ಚೆನ್ನಾಗಿದ್ದವನ್ನು ಜನ ಕಾಪಾಡಿಕೊಂಡರು, ನಾವು ನೋಡುತ್ತಿರುವುದು ಉಳಿದವನ್ನು. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರಗಳು ಬಂದ ಮೇಲೆ ಸಾಧಾರಣ ಗಿಟಾರಿನ ನೆಕ್ ಕೂಡ ಅಳತೆ ತಪ್ಪುವುದು ಅಪರೂಪ.

ವೇದಿಕೆಗೆ ನಾನು ಒಯ್ಯುವುದು ಹೊಸದನ್ನೇ. ಹಳೆಯದು ಮನೆಯಲ್ಲಿ ಮತ್ತು ರೆಕಾರ್ಡಿಂಗಿನಲ್ಲಿ, ನಿಧಾನಗತಿಯ ಹಾಡಿಗೆ. ಹೊಸದಾಗಿ ಒಂದೇ ಒಂದು ಕೊಳ್ಳುವುದಾದರೆ ಹಳೆಯ ದಪ್ಪದ ನೆಕ್, 9.5 ಇಂಚಿನ ತ್ರಿಜ್ಯ, ಹಿಂಬದಿ ಸ್ಯಾಟಿನ್ ಇರುವ ಈಗಿನ ಮಾದರಿ ಹುಡುಕುತ್ತೇನೆ. ಪಿಕಪ್, ಪಾಟ್, ಟ್ಯೂನರ್ ಎಲ್ಲವನ್ನೂ ಆಮೇಲೆ ಬದಲಿಸಬಹುದು. ಇಷ್ಟಾಗಿಯೂ ನಿಜವಾದ ಹಳೆಯದೇ ಬೇಕೆಂದರೆ ಬಣ್ಣದ ಬಿರುಕುಗಳನ್ನು ನೋಡುತ್ತಾ ನಿಲ್ಲಬೇಡಿ. ಫ್ರೆಟ್ಟಿನಲ್ಲಿ ಎಷ್ಟು ಎತ್ತರ ಉಳಿದಿದೆ, ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ ಕೇಳಿ ತಿಳಿಯಿರಿ. ಆಮೇಲೆ ಮೊದಲ ತಂತಿಯನ್ನು ಹನ್ನೆರಡರಿಂದ ಹದಿನೈದನೇ ಫ್ರೆಟ್‌ವರೆಗೆ ಪ್ರತಿಯೊಂದರಲ್ಲೂ ಪೂರ್ತಿ ಸ್ವರ ಎಳೆದು ನೋಡಿ, ಆಂಪಿಗೆ ಸಿಕ್ಕಿಸುವ ಮುಂಚೆಯೇ.