ಬಾಯಿ ಬಿಡುವ ಪ್ಲೇಯರ್ ಯಾವುದು?

ಮೊದಲೇ ಹೇಳಿಬಿಡುತ್ತೇನೆ: ನನ್ನ ಜೇಬಿನಲ್ಲಿರುವುದು ಯಾರೋ ಬಳಸಿ ಬಿಟ್ಟ ಸ್ಯಾನ್ಸಾ ಕ್ಲಿಪ್ ಪ್ಲಸ್ ಎಂಬ ಪುಟ್ಟ ಮ್ಯೂಸಿಕ್ ಪ್ಲೇಯರ್, ಅದರೊಳಗೆ ರಾಕ್‌ಬಾಕ್ಸ್ ಎಂಬ ತಂತ್ರಾಂಶ. ಅದಕ್ಕಿಂತ ಹೆಚ್ಚು ಹಣ ಕೊಟ್ಟು ಕೊಂಡ ಹೊಸ ಪ್ಲೇಯರ್ ಈಗ ತಂಗಿಯ ಪಾಲಾಗಿದೆ. ನನಗೆ ಕಣ್ಣು ಕಾಣುವುದಿಲ್ಲ. ಪರದೆ ಎಷ್ಟು ಚೆಂದವಿದ್ದರೆ ನನಗೇನು? ಮೆನು ಮಾತನಾಡುತ್ತದೆಯೇ, ಎಷ್ಟು ಮಾತನಾಡುತ್ತದೆ, ಅಷ್ಟೇ ನನ್ನ ಲೆಕ್ಕ.

ಹೊಸ ಪ್ಲೇಯರಿನ ಡಬ್ಬಿಯ ಮೇಲೆ ಧ್ವನಿ ಮಾರ್ಗದರ್ಶನ ಇದೆ ಎಂದು ಬರೆದಿತ್ತಂತೆ. ಸುಳ್ಳಲ್ಲ, ಇತ್ತು. ಆದರೆ ಅದನ್ನು ಶುರು ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನ ಹೊಟ್ಟೆಯೊಳಗೆ. ಅಂದರೆ ಪ್ಲೇಯರ್ ಮಾತನಾಡಬೇಕಾದರೆ ಮಾತಿನ ನೆರವಿಲ್ಲದೆ ನಾನು ಅಲ್ಲಿಯವರೆಗೆ ಹೋಗಬೇಕು. ಮೊದಲ ದಿನ ತಂಗಿ ಆನ್ ಮಾಡಿಕೊಟ್ಟಳು. ಮೂರು ವಾರ ಸುಖವಾಗಿ ಕಳೆಯಿತು. ಒಂದು ದಿನ ಬ್ಯಾಟರಿ ಪೂರ್ತಿ ಇಳಿಯಿತು. ಚಾರ್ಜ್ ಮಾಡಿ ಎಬ್ಬಿಸಿದರೆ ಹಾಡು ಬರುತ್ತದೆ, ಮಾತಿಲ್ಲ.

ತಂಗಿಗೆ ಫೋನ್ ಮಾಡಿ ದಾರಿ ಕೇಳಿಕೊಂಡೆ. ಕೆಳಗೆ ಆರು ಸಲ, ನಡುವಿನ ಗುಂಡಿ, ಮತ್ತೆ ಕೆಳಗೆ ನಾಲ್ಕು ಸಲ, ನಡುವಿನ ಗುಂಡಿ. ಬಾಯಿಪಾಠ ಮಾಡಿದೆ. ಆದರೆ ಈ ಮೆನು ಹಿಂದಿನ ಸಲ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಶುರುವಾಗುತ್ತಿತ್ತು, ಪಟ್ಟಿಯ ಕೊನೆ ಮುಟ್ಟಿದರೆ ಸದ್ದಿಲ್ಲದೆ ಮೊದಲಿಗೆ ಜಿಗಿಯುತ್ತಿತ್ತು. ಹೀಗಿರುವಾಗ ಆರು ಎಂದರೆ ಎಲ್ಲಿಂದ ಆರು? ನಾಲ್ಕನೆಯ ಪ್ರಯತ್ನಕ್ಕೆ ಅದು ಬಾಯಿ ಬಿಟ್ಟಿತು, ನನಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ. ಧ್ವನಿಯ ಜೊತೆಗೆ ಭಾಷೆಯನ್ನೂ ಬದಲಿಸಿಬಿಟ್ಟಿದ್ದೆ. ಅದನ್ನು ಸರಿಪಡಿಸಲು ತಂಗಿ ಊರಿನಿಂದ ಬರುವವರೆಗೆ ಕಾಯಬೇಕಾಯಿತು. ಮಾತನಾಡುವಾಗಲೂ ಅದು ಹಾಡುಗಳನ್ನು ಕಲಸಿ ನುಡಿಸುವ ಆಯ್ಕೆಯ ಮೇಲೆ ನಿಂತರೆ ‘ಶಫಲ್’ ಎಂದು ಹೆಸರು ಹೇಳುತ್ತಿತ್ತೇ ಹೊರತು ಆನ್ ಆಗಿದೆಯೋ ಆಫ್ ಆಗಿದೆಯೋ ಹೇಳುತ್ತಿರಲಿಲ್ಲ.

ರಾಕ್‌ಬಾಕ್ಸ್ ನನ್ನನ್ನು ಗೆದ್ದದ್ದು ಇಲ್ಲೇ. ಪ್ಲೇಯರಿನ ಮೂಲ ತಂತ್ರಾಂಶದ ಬದಲು ಹಾಕಿಕೊಳ್ಳುವ ಈ ಉಚಿತ ತಂತ್ರಾಂಶ 2001ರಲ್ಲಿ ಆರ್ಕೋಸ್ ಪ್ಲೇಯರುಗಳಿಗಾಗಿ ಹುಟ್ಟಿದ್ದು. ಧ್ವನಿಯ ಫೈಲ್ ಒಳಗೆ ಕೂತಿದ್ದರೆ ಸಾಕು, ಮೆನು ತಾನಾಗಿ ಮಾತನಾಡುತ್ತದೆ. ಯಾರೂ ಆನ್ ಮಾಡಿಕೊಡಬೇಕಿಲ್ಲ. ಎಲ್ಲ ಸೆಟ್ಟಿಂಗುಗಳನ್ನು ಅಳಿಸಿ ಮೊದಲಿನಂತೆ ಮಾಡಿದರೂ ಮೆನುವಿನ ಬಾಯಿ ಕಟ್ಟುವುದಿಲ್ಲ. ಬೇಕೆಂದೇ ಎರಡು ಸಲ ಮಾಡಿ ನೋಡಿದೆ. ಕಂಪ್ಯೂಟರಿನಲ್ಲಿ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು, ಅದನ್ನು ಪ್ಲೇಯರಿಗೆ ತುಂಬಿಕೊಡುವ ರಾಕ್‌ಬಾಕ್ಸ್ ಯುಟಿಲಿಟಿಯಿಂದ ನಾನೇ ಹಾಕಿಕೊಂಡೆ.

ಕಿರಿಕಿರಿ ಇಲ್ಲವೆಂದಲ್ಲ. ಫೈಲುಗಳ ಹೆಸರನ್ನು ಇದು ಮೂರು ರೀತಿಯಲ್ಲಿ ತಿಳಿಸಬಲ್ಲದು: ಬರೀ ಸಂಖ್ಯೆ, ಅಕ್ಷರ ಬಿಡಿಸಿ ಹೇಳುವುದು, ಇಲ್ಲವೇ ಮೊದಲೇ ತಯಾರಿಸಿಟ್ಟ ಧ್ವನಿ ತುಣುಕು. ಅಕ್ಷರ ಬಿಡಿಸುವುದು ಇಂಗ್ಲಿಷ್ ಹೆಸರುಗಳಿಗಷ್ಟೇ. ಕನ್ನಡದಲ್ಲಿ ಹೆಸರಿಟ್ಟ ಹಾಡಿನ ಮೇಲೆ ನಿಂತರೆ ಮೌನ. ಹಾಗಾಗಿ ನನಗೆ ತುಣುಕುಗಳೇ ಗತಿ. ಬರಹವನ್ನು ಮಾತಾಗಿಸುವ ಇಸ್ಪೀಕ್ ಎಂಬ ತಂತ್ರಾಂಶ ಕನ್ನಡ ಓದುತ್ತದೆ, ಯಂತ್ರದ ದನಿ, ಆದರೂ ತಿಳಿಯುತ್ತದೆ. ಅದರಿಂದ ಪ್ರತಿ ಹಾಡಿನ ಪಕ್ಕಕ್ಕೆ ಒಂದು ‘ಟಾಕ್’ ಫೈಲ್ ತಯಾರಾಗುತ್ತದೆ. ಹೊಸ ಹಾಡು ತುಂಬಿದಾಗಲೆಲ್ಲ ಈ ತಯಾರಿಯನ್ನು ಮತ್ತೆ ನಡೆಸಬೇಕು. ಮರೆತರೆ ಹೊಸ ಹಾಡುಗಳಷ್ಟೇ ಮೂಕ. ನಾನು ತಿಂಗಳಿಗೊಮ್ಮೆ ಹಾಡು ತುಂಬುವವನು, ಸಹಿಸಿಕೊಂಡಿದ್ದೇನೆ. ದಿನಾ ತುಂಬುವವರಿಗೆ ಬೇಸರ ಬಂದೀತು.

ಗೆಳೆಯನ ಐಪಾಡ್ ಶಫಲ್ ಒಂದು ವಾರ ನನ್ನ ಬಳಿ ಇತ್ತು, 2010ರದ್ದು. ಅದಕ್ಕೆ ಪರದೆಯೇ ಇಲ್ಲ; ಕಣ್ಣಿದ್ದವರೂ ನಾನೂ ಸಮ. ಮಾತನಾಡಿಸುವ ವಾಯ್ಸ್‌ಓವರ್ ಗುಂಡಿ ಒತ್ತಿದರೆ ಹಾಡಿನ ಹೆಸರು, ಒತ್ತಿ ಹಿಡಿದರೆ ಪ್ಲೇಲಿಸ್ಟುಗಳು, ಎರಡು ಸಲ ಒತ್ತಿದರೆ ಬ್ಯಾಟರಿ ಎಷ್ಟಿದೆ ಎಂಬುದು. ಕಲಿಯಲು ಐದು ನಿಮಿಷ ಸಾಕು. ಆದರೆ ಜಾಗ 2 ಜಿಬಿ, ಹಾಡು ತುಂಬಲು ಕಂಪ್ಯೂಟರಿನಲ್ಲಿ ಆಪಲ್‌ನ ಐಟ್ಯೂನ್ಸ್ ತಂತ್ರಾಂಶ ಬೇಕಿತ್ತು, ಫೋಲ್ಡರುಗಳಲ್ಲಿ ಓಡಾಡುವ ನನ್ನ ಚಾಳಿಗೆ ಅದು ಒಗ್ಗಲಿಲ್ಲ. 2017ರಲ್ಲಿ ಮಾರಾಟವೂ ನಿಂತಿತು.

ವಿಕ್ಟರ್ ರೀಡರ್ ಸ್ಟ್ರೀಮ್ ಎಂಬ ಪ್ಲೇಯರ್ ಅಂಧರಿಗೆಂದೇ ಮಾಡಿದ್ದು. ಹಳೆಯ ಫೋನಿನಂತೆ ಅಂಕಿಗಳ ಗುಂಡಿಗಳು, ಅಂಧರು ಕೇಳುವ ಡೇಸಿ ಎಂಬ ಮಾದರಿಯ ಧ್ವನಿ ಪುಸ್ತಕಗಳಿಗೆ ಅದರ ಸಮ ಇಲ್ಲ. ಬೆಲೆ ನನ್ನ ಹಳೆಯ ಕ್ಲಿಪ್‌ನ ಹಲವು ಪಟ್ಟು. ನಾನು ಓದುವುದಕ್ಕಿಂತ ಹಾಡು ಕೇಳುವುದೇ ಹೆಚ್ಚು, ಆದ್ದರಿಂದ ಬಿಟ್ಟೆ.

ಫೋನ್ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆದರೆ ನಡೆಯುವಾಗ ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈ ಜೇಬಿನಿಂದ ಹೊರಗೆ ಬಾರದೆ, ಉಬ್ಬಿದ ಗುಂಡಿ ತಡವಿ ಹಾಡು ಬದಲಿಸಲು ಗಾಜಿನ ಪರದೆಯಲ್ಲಿ ಆಗುವುದಿಲ್ಲ.

ಕ್ಲಿಪ್ ಪ್ಲಸ್ ಈಗ ಹೊಸದಾಗಿ ತಯಾರಾಗುವುದಿಲ್ಲ, ನನ್ನದರ ಬ್ಯಾಟರಿಗೂ ವಯಸ್ಸಾಗಿದೆ. ಕಳೆದ ತಿಂಗಳು ಇನ್ನೊಂದು ಹಳೆಯದು ಸಿಕ್ಕಿತು, ಕೊಂಡಿಟ್ಟೆ. ತಂಗಿಗೆ ಕೊಟ್ಟ ಪ್ಲೇಯರ್ ಹೇಗಿದೆ ಎಂದು ಮೊನ್ನೆ ವಿಚಾರಿಸಿದೆ. ಚೆನ್ನಾಗಿದೆಯಂತೆ, ಆ ವಟವಟ ಮಾತ್ರ ಮೊದಲ ದಿನವೇ ಆಫ್ ಮಾಡಿದಳಂತೆ.