ಕ್ರೇಟ್ ಬಿಡಿಸುವ ಎಳೆ ನಾಯಿಗೆ ಬಾಗಿಲ ಗೇಟು: ಅಳತೆ, ಜೋಡಣೆ, ಬಳಕೆ

ವರ್ಷ ತುಂಬುತ್ತಾ ಬಂದ ನಾಯಿಯನ್ನು ಕ್ರೇಟಿನಿಂದ, ಅಂದರೆ ಅದನ್ನು ಕೂಡಿಹಾಕಿ ಮಲಗಿಸುವ ಗೂಡಿನಿಂದ, ಬಿಡಿಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ನಿನ್ನೆಯವರೆಗೆ ಮೂರಡಿ ಜಾಗದಲ್ಲಿದ್ದ ನಾಯಿಗೆ ಇವತ್ತು ಇಡೀ ಮನೆ ಬಿಟ್ಟು ಬೀಗ ಹಾಕಿ ಹೋಗುತ್ತಾರೆ. ಸೋಫಾ ಹರಿದದ್ದು ಕಂಡ ಕೂಡಲೇ ಮತ್ತೆ ಕ್ರೇಟಿಗೆ ತಳ್ಳುತ್ತಾರೆ. ಅಲ್ಲಿಂದ ಆ ಕ್ರೇಟ್ ನಾಯಿಗೆ ಮಲಗುವ ಜಾಗವಾಗಿ ಉಳಿಯುವುದಿಲ್ಲ, ಶಿಕ್ಷೆಯ ಜಾಗವಾಗುತ್ತದೆ. ಈ ಎರಡರ ನಡುವೆ ಬೇಕಾದ ಮೆಟ್ಟಿಲು ಬಾಗಿಲಿಗೆ ಕೂರಿಸುವ ಗೇಟು. ಮಗುವಿರುವ ಮನೆಗಳಿಗೆಂದು ಮಾರುವ ಸ್ಟೀಲ್ ಸೇಫ್ಟಿ ಗೇಟೇ ಇದಕ್ಕೂ ಆಗುತ್ತದೆ. ಗೋಡೆ ಕೊರೆಯದೆ, ನಾಲ್ಕು ಬೋಲ್ಟುಗಳ ಒತ್ತಡದ ಮೇಲೆ ನಿಲ್ಲುವ ಬಗೆಯದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೈಸೂರಿನ ಕುವೆಂಪುನಗರ, ವಿಜಯನಗರದಂಥ ಕಡೆ ಬಾಡಿಗೆಗಿದ್ದು, ಚೌಕಟ್ಟಿಗೆ ತೂತು ಹೊಡೆಯಲು ಮಾಲೀಕರು ಒಪ್ಪದಿದ್ದರೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಲ್ಯಾಬ್ರಡಾರ್, ಬೀಗಲ್, ಸಾಧು ಸ್ವಭಾವದ ನಾಟಿ ನಾಯಿಗೆ ಸಾಕು. ಮುಧೋಳ ತಳಿಯ ನಾಯಿಗೆ ಮತ್ತು ಉದ್ದ ಕಾಲಿನ ಚುರುಕು ನಾಟಿ ನಾಯಿಗೆ ಸಾಲದು. ಸಾಮಾನ್ಯ ಗೇಟಿನ ಎತ್ತರ 75 ಸೆಂ.ಮೀ. ಆಸುಪಾಸು. ಇಂಥ ನಾಯಿಗಳು ಅದನ್ನು ನಿಂತಲ್ಲಿಂದಲೇ ದಾಟುತ್ತವೆ. ಅವಕ್ಕೆ ಒಂದು ಮೀಟರಿನ ಎತ್ತರದ ಮಾದರಿ ಬೇಕು. ಸ್ವಂತ ಮನೆಯಾದರೆ ಹೆಬ್ಬಾಳ, ಮೇಟಗಳ್ಳಿ ಕಡೆಯ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಚೌಕ ಪೈಪಿನ ಗೇಟು ಮಾಡಿಸಿ, ಹಿಂಜು ಹಾಕಿ ಚೌಕಟ್ಟಿಗೇ ಸ್ಕ್ರೂ ಮಾಡಿಸುವುದು ಲೇಸು. ಎರಡು ಗಿಡ್ಡ ಗೇಟುಗಳನ್ನು ಒಂದರ ಮೇಲೊಂದು ಕೂರಿಸುವವರಿದ್ದಾರೆ. ಹಾಗೆ ಮಾಡಲೇಬೇಡಿ, ನಡುವಿನ ಸಂದಿಯಲ್ಲಿ ನಾಯಿಯ ಕತ್ತು ಸಿಕ್ಕಿಕೊಳ್ಳುತ್ತದೆ.

ಕೊಳ್ಳುವ ಮುನ್ನ ಟೇಪು ಹಿಡಿಯಿರಿ. ಅಳೆಯಬೇಕಾದದ್ದು ಬಾಗಿಲ ಹಲಗೆಯನ್ನಲ್ಲ, ಚೌಕಟ್ಟಿನ ಒಳ ಅಂಚಿನಿಂದ ಒಳ ಅಂಚಿಗೆ. ಕೆಳಗೆ, ನಡುವೆ, ಸೊಂಟದ ಎತ್ತರದಲ್ಲಿ, ಹೀಗೆ ಮೂರು ಕಡೆ. ಹಳೆಯ ಅಗ್ರಹಾರದ, ಚಾಮುಂಡಿಪುರಂನ ಮನೆಗಳ ತೇಗದ ಚೌಕಟ್ಟುಗಳು ಮೇಲಿನಿಂದ ಕೆಳಗೆ ಒಂದೇ ಅಗಲ ಇರುವುದು ಅಪರೂಪ, ಮತ್ತು ಅಲ್ಲಿನ ಒಳಬಾಗಿಲು ಕೆಲವು ಕಡೆ 70 ಸೆಂ.ಮೀ. ಕೂಡ ಇರುವುದಿಲ್ಲ. ಬಹುಪಾಲು ಗೇಟುಗಳು ಶುರುವಾಗುವುದೇ 75ರಿಂದ. ಗೇಟಿನ ಅಗಲ ಸಾಲದಿದ್ದರೆ ಎಕ್ಸ್‌ಟೆನ್ಷನ್ ತುಂಡು ಸಿಗುತ್ತದೆ, ಗೇಟಿನ ಅಗಲವೇ ಹೆಚ್ಚಾದರೆ ಕಡಿಮೆ ಮಾಡುವ ದಾರಿಯಿಲ್ಲ. ಹೊಸಿಲು ಎದ್ದಿರುವ ಬಾಗಿಲಾದರೆ ಗೇಟಿನ ತಳದ ಪಟ್ಟಿ ಅದರ ಮೇಲೆ ಕೂರುವುದಿಲ್ಲ. ಹೊಸಿಲಿಲ್ಲದ ಒಳಕೋಣೆಯ ಬಾಗಿಲನ್ನೇ ಆರಿಸಿ. ಸರಳುಗಳು ಉದ್ದುದ್ದ ನಿಂತಿರಬೇಕು. ಅಡ್ಡ ಸರಳಾದರೆ ನಾಯಿಗೆ ಅದು ಏಣಿ.

ಈಗ ಜೋಡಣೆ. ಪೆಟ್ಟಿಗೆಯಿಂದ ತೆಗೆದ ಗೇಟನ್ನು ಚೌಕಟ್ಟಿನಲ್ಲಿ ನಿಲ್ಲಿಸಿದಾಗ ಚಿಲಕಕ್ಕೂ ಅದು ಕೂರಬೇಕಾದ ಜಾಗಕ್ಕೂ ಎರಡು ಬೆರಳು ಸಂದಿ ಕಾಣುತ್ತದೆ. ಸೊಟ್ಟ ಬಂದಿದೆ, ಡಿಫೆಕ್ಟ್ ಪೀಸ್ ಎಂದು ವಾಪಸ್ ಕಳಿಸುವವರು ಬಹಳ. ಅದು ದೋಷವಲ್ಲ. ಗೇಟಿನ ಹೊರಚೌಕಟ್ಟು ಮೇಲ್ಗಡೆ ತೆರೆದ, ಕೆಳಗಡೆ ಮಾತ್ರ ಕೂಡಿದ ಆಕಾರದ್ದು. ಬೋಲ್ಟು ಬಿಗಿದಂತೆ ಎರಡು ತೋಳುಗಳು ಒಳಕ್ಕೆ ಬಾಗಿ ಸಂದಿ ಮುಚ್ಚುವಂತೆಯೇ ಮಾಡಿರುತ್ತಾರೆ. ಗೇಟನ್ನು ನಟ್ಟನಡುವೆ ಇಟ್ಟು ಮೊದಲು ಕೆಳಗಿನ ಎರಡು ಬೋಲ್ಟು, ಆಮೇಲೆ ಮೇಲಿನ ಎರಡು. ಒಂದು ಕಡೆ ಕಾಲು ಸುತ್ತು, ಇನ್ನೊಂದು ಕಡೆ ಕಾಲು ಸುತ್ತು. ಚಿಲಕ ಕ್ಲಿಕ್ಕೆಂದು ಕೂತು, ಕೈಯಿಂದ ಜೋರಾಗಿ ಅಲ್ಲಾಡಿಸಿದರೂ ಬೋಲ್ಟಿನ ತುದಿಯಲ್ಲಿ ಚೌಕಟ್ಟಿಗೆ ಒತ್ತುವ ಬಟ್ಟಲುಗಳು, ಅಂದರೆ ಕಪ್ಪುಗಳು, ಜಾರದಿದ್ದರೆ ಬಿಗಿ ಸರಿಯಿದೆ. ಪಾಲಿಶ್ ಮಾಡಿದ ಮರದ ಮೇಲೆ ಕಪ್ಪು ಜಾರುತ್ತದೆ, ನಡುವೆ ಸೈಕಲ್ ಟ್ಯೂಬಿನ ತುಂಡು ಕೊಡಿ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ವಾರಕ್ಕೊಮ್ಮೆ ಬಿಗಿ ನೋಡಬೇಕು. ಮೆಟ್ಟಿಲ ತುದಿಗೆ ಒತ್ತಡದ ಗೇಟು ಯಾವತ್ತೂ ಬೇಡ. ಬಾಗಿಲಲ್ಲೂ ತಳದ ಪಟ್ಟಿಗೆ ಕಾಲು ತಗಲುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಅದರ ಮೇಲೆ ಹಳದಿ ಟೇಪು ಅಂಟಿಸಿ.

ಗೇಟಿನಷ್ಟೇ ಅದನ್ನು ಬಳಸುವ ಕ್ರಮವೂ ಮುಖ್ಯ. ಕ್ರೇಟನ್ನು ಎತ್ತಿಡಬೇಡಿ. ಗೇಟು ಹಾಕಿದ ಕೋಣೆಯೊಳಗೇ ಇಟ್ಟು, ಅದರ ಬಾಗಿಲು ಬಡಿದುಕೊಳ್ಳದಂತೆ ದಾರದಿಂದ ಕಟ್ಟಿ. ಮೊದಲ ವಾರ ಮನೆಯಲ್ಲಿ ಜನರಿರುವಾಗಲೇ ಗೇಟು ಮುಚ್ಚಿ, ಆಚೆ ಬದಿ ನಿಮ್ಮ ಪಾಡಿಗೆ ಓಡಾಡಿ. ಬೀಗದ ಕೈ, ಚಪ್ಪಲಿ, ಹೆಲ್ಮೆಟ್ಟನ್ನು ದಿನಕ್ಕೆ ಹತ್ತು ಸಲ ಕೈಗೆತ್ತಿಕೊಂಡು ಸುಮ್ಮನೆ ಕೂತುಬಿಡಿ. ಆ ಸದ್ದಿಗೆ ನಾಯಿ ತಲೆ ಎತ್ತುವುದು ನಿಂತ ಮೇಲೆ ಬೀದಿ ಬಾಗಿಲು ದಾಟಿ. ಎರಡು ನಿಮಿಷ, ಐದು, ಮೂರು, ಎಂಟು, ಒಂದು, ಹನ್ನೆರಡು. ಪ್ರತಿ ಸಲವೂ ಹಿಂದಿಗಿಂತ ಹೆಚ್ಚು ಮಾಡುತ್ತಾ ಹೋದರೆ ನಾಯಿಗೆ ಹೊರಡುವುದು ಎಂದರೆ ಕಷ್ಟ ಏರುವುದು ಎಂದಾಗುತ್ತದೆ, ಅದಕ್ಕೇ ಈ ಏರಿಳಿತ. ಅರ್ಧ ಗಂಟೆ ಶಾಂತವಾಗಿ ಮೂರು ಸಲ ಕಳೆದರೆ ಮುಕ್ಕಾಲು ಗಂಟೆ, ಒಂದು, ಒಂದೂವರೆ, ಎರಡು ಗಂಟೆಗೆ ಹೋಗಬಹುದು. ವರ್ಷದೊಳಗಿನ ನಾಯಿಗೆ ನಾಲ್ಕು ಗಂಟೆ ಮೀರಿಸಬೇಡಿ.

ಜಾಗ ಹೆಚ್ಚಿಸಿದ ದಿನ ಹೊತ್ತು ಕಡಿಮೆ ಮಾಡಬೇಕು. ಕೋಣೆಯಲ್ಲಿ ಎರಡು ಗಂಟೆ ಇರುವ ನಾಯಿಗೆ ಹಾಲ್ ಬಿಟ್ಟುಕೊಟ್ಟರೆ ಮತ್ತೆ ಹತ್ತು ನಿಮಿಷದಿಂದ ಶುರು. ದಸರೆಯ ಆನೆಗೂ ಮೊದಲ ದಿನವೇ 750 ಕೆ.ಜಿ. ಅಂಬಾರಿ ಹೊರಿಸುವುದಿಲ್ಲ, ಮರಳು ಮೂಟೆಯ ಭಾರ ಹಂತ ಹಂತವಾಗಿ ಏರುತ್ತದೆ.

ಗೇಟಿನ ಜೊತೆಗೆ ಎರಡು ವಸ್ತುಗಳಿಗೆ ದುಡ್ಡು ಹಾಕಬಹುದು. ಒಂದು, ತಿಂಡಿ ತುಂಬುವ ಟೊಳ್ಳು ರಬ್ಬರ್ ಆಟಿಕೆ. ಕಾಂಗ್ ಕಂಪನಿಯ ಕೆಂಪು ಬಣ್ಣದ್ದು ಎಲ್ಲರಿಗೂ ಗೊತ್ತಿರುವುದು. ಅಗಿದು ಚೂರು ಮಾಡುವ ನಾಯಿಗೆ ಕಪ್ಪು ಬಣ್ಣದ ಗಟ್ಟಿ ರಬ್ಬರಿನದ್ದು. 13ರಿಂದ 30 ಕೆ.ಜಿ. ತೂಗುವ ನಾಯಿಗೆ ಲಾರ್ಜ್. ಎರಡೂ ತುದಿಯಲ್ಲಿ ತೂತಿರುವುದೇ ಅದರ ದೊಡ್ಡ ಗುಣ. ಒಂದೇ ತೂತಿನ ಅಗ್ಗದ ನಕಲುಗಳಲ್ಲಿ ಗಾಳಿಯ ಸೆಳೆತಕ್ಕೆ ನಾಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಸಣ್ಣ ತೂತಿಗೆ ಚಿಟಿಕೆ ರಾಗಿ ಮುದ್ದೆ ಮೆತ್ತಿ, ಉಪ್ಪಿಲ್ಲದ ಮೊಸರನ್ನ, ಬೇಯಿಸಿದ ಸಿಹಿಗುಂಬಳ, ಮೊಟ್ಟೆ ತುಂಬಿ ಹಿಂದಿನ ರಾತ್ರಿಯೇ ಫ್ರೀಜರಿಗೆ ಹಾಕಿ. ಗಟ್ಟಿಯಾದದ್ದನ್ನು ನೆಕ್ಕಿ ಮುಗಿಸಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ನೀವು ಹೊರಟ ಮೇಲಿನ ಅತಿ ಕಷ್ಟದ ಹೊತ್ತೂ ಅಷ್ಟೇ. ಬಳಸಿದ ಮೇಲೆ ನೀರಲ್ಲಿ ನೆನೆಹಾಕಿ ಬಾಟಲಿ ಬ್ರಷ್‌ನಿಂದ ಉಜ್ಜಿ, ಇಲ್ಲದಿದ್ದರೆ ಕೆಂಪಿರುವೆ ಮುತ್ತುತ್ತದೆ. ಕಡಲೆಕಾಯಿ ಬೆಣ್ಣೆ ಹಾಕುವುದಾದರೆ ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂದಿದೆಯೇ ಓದಿ. ಅದು ನಾಯಿಗೆ ವಿಷ. ಒಣದ್ರಾಕ್ಷಿಯೂ ಅಷ್ಟೇ.

ಎರಡನೆಯದು ವೈಫೈ ಕ್ಯಾಮೆರಾ. ದುಬಾರಿಯದು ಬೇಡ, ರಾತ್ರಿ ಕಾಣುವ, ಮೆಮೊರಿ ಕಾರ್ಡ್ ಹಾಕುವ ಸಾಧಾರಣದ್ದು ಸಾಕು. ಕ್ಯಾಮೆರಾ, ರೌಟರ್ ಎರಡನ್ನೂ ಯುಪಿಎಸ್ ಲೈನಿಗೆ ಹಾಕಿ, ಕರೆಂಟ್ ಹೋದರೂ ನೋಡಬಹುದು. ಅದರಲ್ಲಿರುವ ಮೈಕಿನಿಂದ ಹೆಸರು ಹಿಡಿದು ಕರೆಯುವ ಆಸೆ ಬೇಡ. ದನಿ ಕೇಳಿ ಜನ ಕಾಣದಿದ್ದರೆ ನಾಯಿ ಇನ್ನಷ್ಟು ಹುಡುಕಾಡುತ್ತದೆ. ನೋಡಬೇಕಾದದ್ದು ಇಷ್ಟು: ಎಲ್ಲೆಂದರಲ್ಲಿ ಚಪ್ಪಲಿ, ದಿಂಬು ಕಚ್ಚಿದರೆ ಅದು ಬೇಸರ, ವ್ಯಾಯಾಮ ಕಡಿಮೆ. ಬಾಗಿಲನ್ನೇ ಕೆರೆಯುತ್ತಾ, ಜೊಲ್ಲು ಸುರಿಸುತ್ತಾ, ಊಳಿಡುತ್ತಾ ಇದ್ದು, ತುಂಬಿಸಿಟ್ಟ ಆಟಿಕೆಯನ್ನು ನೀವು ಬರುವವರೆಗೂ ಮುಟ್ಟದಿದ್ದರೆ ಅದು ಭಯ. ಭಯಕ್ಕೆ ಯಾವ ಗೇಟೂ ಮದ್ದಲ್ಲ. ಅಭ್ಯಾಸ ನಿಲ್ಲಿಸಿ ಪಶುವೈದ್ಯರಿಗೆ ಆ ವಿಡಿಯೋ ತೋರಿಸಿ.

ಕೊರಳಪಟ್ಟಿ ಬಿಚ್ಚದೆ ಹೊರಡಬೇಡಿ. ಅದರ ಬಿಲ್ಲೆ ಗೇಟಿನ ಸರಳಿಗೋ ಕಿಟಕಿಯ ಗ್ರಿಲ್ಲಿಗೋ ಸಿಕ್ಕಿದರೆ ಬಿಡಿಸುವವರಿರುವುದಿಲ್ಲ. ಪ್ಲಗ್ಗಿನ ಸೊಳ್ಳೆ ಲಿಕ್ವಿಡ್, ಚಾರ್ಜರ್ ವೈರು, ಮಾತ್ರೆ ಡಬ್ಬಿ ಕೈಗೆಟುಕುವಲ್ಲಿ ಇದ್ದರೆ ಬಾಯಿಗೂ ಎಟುಕುತ್ತವೆ. ಬೀದಿ ನಾಯಿ, ಕೊರಿಯರ್‌ನವರು ಕಾಣದಂತೆ ಕಿಟಕಿಯ ಕೆಳಭಾಗಕ್ಕೆ ಪೇಪರ್ ಅಂಟಿಸಿ.

ಎರಡು ತಿಂಗಳು ಗಲಾಟೆಯಿಲ್ಲದೆ ಕಳೆದರೆ ಗೇಟಿನ ಬಾಗಿಲನ್ನು ತೆರೆದೇ ಇಡಿ, ಅದಾದ ಒಂದು ತಿಂಗಳಿಗೆ ಬಿಚ್ಚಿ. ಆದರೆ ಮಾರಿಬಿಡಬೇಡಿ, ಅಟ್ಟದ ಮೇಲಿರಲಿ. ಜಂಬೂಸವಾರಿಯ ದಿನದ 21 ಕುಶಾಲತೋಪು ಅರಮನೆಯ ಸುತ್ತಲ ಮನೆಗಳಿಗೆಲ್ಲ ಕೇಳುತ್ತದೆ, ಹಿಂದೆಯೇ ದೀಪಾವಳಿ ಪಟಾಕಿ ಬರುತ್ತದೆ. ಆ ದಿನಗಳಲ್ಲಿ ಬೀದಿಯಿಂದ ದೂರದ ಒಳಕೋಣೆಗೆ ಗೇಟು ಹಾಕಿ, ಹಳೆಯ ಕ್ರೇಟಿಗೆ ಕಂಬಳಿ ಹೊದಿಸಿ ಅಲ್ಲೇ ಇಡಿ. ನಾಯಿಯನ್ನು ಒಂಟಿಯಾಗಿ ಬಿಡದೆ ಮನೆಯವರೊಬ್ಬರು ಜೊತೆಗಿರಿ.